ಸಡಿಲಾದ ಮೊಣಕಾಲಿಗೆ ಲೋಹದ ಬೆಣೆ

ಓದುಗರ ಪ್ರಶ್ನೆ, ತಜ್ಞರ ಉತ್ತರ

ಮೊಣಕಾಲು ಬದಲಿ ಆಪರೇಷನ್ ಆಗಿ ಹತ್ತು ವರ್ಷ ದಾಟಿದವರು, ಅವರ ಮಕ್ಕಳು ಬರೆದ ಪತ್ರಗಳೇ ಈ ಸಲ ಹೆಚ್ಚು. ಬಹುತೇಕ ಎಲ್ಲರ ಮಾತೂ ಒಂದೇ: ಎರಡನೇ ಸಲ ಆಪರೇಷನ್ ಅಂತಾರೆ, ಎಲುಬು ಸವೆದಿದೆ ಅಂತಾರೆ, ಲೋಹ ತುಂಬಬೇಕು ಅಂತಾರೆ. ಒಂದೇ ತೆರನಾದ ಪತ್ರಗಳನ್ನು ಕೂಡಿಸಿ, ಮೂಳೆ ತಜ್ಞರಿಂದ ಉತ್ತರ ಪಡೆದು ಇಲ್ಲಿ ಕೊಟ್ಟಿದ್ದೇವೆ.

ಪ್ರಶ್ನೆ: ನಮ್ಮವ್ವಗ 11 ವರ್ಷದ ಹಿಂದ ಎಡ ಮೊಣಕಾಲು ಬದಲಿ ಮಾಡಿಸೀವಿ. ಎಂಟು ತಿಂಗಳಿಂದ ಕಾಲು ಒಳಗ ವಾಲಾಕತ್ತೈತಿ. ಕುಂತು ಎದ್ದಾಗ ಮೊದಲ ನಾಕು ಹೆಜ್ಜಿ ಭಾಳ ನೋವು, ಆಮ್ಯಾಲ ಸ್ವಲ್ಪ ಕಡಿಮಿ. ಡಾಕ್ಟರು ‘ಇಂಪ್ಲಾಂಟ್ ಸಡಿಲಾಗೇತಿ, ಎಲುಬು ಕರಗೇತಿ’ ಅಂತಾರ. ಲೋಹ ಕೂಡಿಸಿದ ಮ್ಯಾಗ ಎಲುಬು ಕರಗೋದು ಹೆಂಗ?
(ಸಿಂಧನೂರು)

ಉತ್ತರ: ಎದ್ದ ಕೂಡಲೇ ಮೊದಲ ಕೆಲವು ಹೆಜ್ಜೆ ನೋವು, ಆಮೇಲೆ ಇಳಿತ. ಇಂಪ್ಲಾಂಟ್, ಅಂದರೆ ಒಳಗೆ ಕೂಡಿಸಿದ ಕೃತಕ ಕೀಲು, ಸಡಿಲಾಗಿದೆ ಅನ್ನುವುದಕ್ಕೆ ಇದು ಹಳೆಯ ಗುರುತು. ಭಾರ ಬಿದ್ದಾಗ ಲೋಹದ ತಟ್ಟೆ ಕೂದಲೆಳೆಯಷ್ಟು ಅಲುಗಿ, ತನ್ನ ತಗ್ಗಿನಲ್ಲಿ ಕೂಡುತ್ತದೆ. ಕೂತ ಮೇಲೆ ನೋವು ತಗ್ಗುತ್ತದೆ.

ಎಲುಬು ಕರಗುವುದಕ್ಕೆ ದಾರಿ ಒಂದೇ ಅಲ್ಲ. ಇಂಪ್ಲಾಂಟಿನ ಎರಡು ಲೋಹದ ಭಾಗಗಳ ನಡುವೆ ಪಾಲಿಎಥಿಲೀನ್ ಪ್ಲಾಸ್ಟಿಕ್ಕಿನ ಒಂದು ಬಿಲ್ಲೆ ಇರುತ್ತದೆ. ವರ್ಷಗಟ್ಟಲೆ ಉಜ್ಜಿ ಅದರಿಂದ ಕಣ್ಣಿಗೆ ಕಾಣದಷ್ಟು ಸಣ್ಣ ಪುಡಿ ಏಳುತ್ತದೆ. ಮೈಯ ರಕ್ಷಣಾ ಕೋಶಗಳು ಈ ಪುಡಿಯನ್ನು ನುಂಗುತ್ತವೆ, ಅರಗಿಸಲಾಗದೆ ರೊಚ್ಚಿಗೇಳುತ್ತವೆ, ಪಕ್ಕದ ಎಲುಬನ್ನು ತಿನ್ನುವ ಕೋಶಗಳನ್ನು ಎಬ್ಬಿಸುತ್ತವೆ. ಹೀಗೆ ಇಂಪ್ಲಾಂಟಿನ ಹಿಂದೆ ಗುಳಿ ಬೀಳುತ್ತದೆ. ಎಷ್ಟೋ ಸಲ ನೋವೇ ಇಲ್ಲದೆ ಬೀಳುತ್ತದೆ, ಅದಕ್ಕೇ ಆಪರೇಷನ್ ಆದವರು ಚೆನ್ನಾಗಿದ್ದರೂ ವರ್ಷ, ಎರಡು ವರ್ಷಕ್ಕೊಮ್ಮೆ ಎಕ್ಸ್‌ರೇ ತೆಗೆಸಬೇಕು ಅನ್ನುವುದು. ಎರಡನೆಯದು ಸೋಂಕು, ಅದರ ಮಾತು ಮುಂದೆ ಬರುತ್ತದೆ. ಮೂರನೆಯದು ಭಾರವೆಲ್ಲ ಗಟ್ಟಿ ಲೋಹವೇ ಹೊತ್ತು, ಕೆಲಸವಿಲ್ಲದ ಎಲುಬು ಸೊರಗುವುದು. ತೊಡೆ ಎಲುಬಿನ ಮುಂಭಾಗದಲ್ಲಿ ಇದು ಸಾಮಾನ್ಯ. ನಾಲ್ಕನೆಯದು ಸಡಿಲಾದ ತಟ್ಟೆ ತಾನೇ ಎಲುಬನ್ನು ಅರೆಯುವುದು. ನಿಮ್ಮ ಅವ್ವನ ಕಾಲು ಒಳಗೆ ವಾಲುತ್ತಿದೆ ಅಂದರೆ ಕೆಳಗಿನ ತಟ್ಟೆ ಒಳಮಗ್ಗುಲಿಗೆ ಕುಸಿಯುತ್ತಿರುವ ಸಾಧ್ಯತೆ ಹೆಚ್ಚು.

ಗುದ್ದಲಿಯ ಕಾವು ಸಡಿಲಾದ ದಿನವೇ ಸಣ್ಣ ಬೆಣೆ ಹೊಡೆದರೆ ಮುಗಿಯಿತು. ಹಾಗೇ ಹೊಲದಲ್ಲಿ ಹದಿನೈದು ದಿನ ಅಗೆದರೆ ಕಾವಿನ ತುದಿಯೇ ಸವೆದು, ಯಾವ ಬೆಣೆಯೂ ನಿಲ್ಲುವುದಿಲ್ಲ. ‘ಸುಗ್ಗಿ ಮುಗಿಯಲಿ, ಮಗಳ ಮದುವೆ ಆಗಲಿ’ ಎಂದು ಎರಡು ವರ್ಷ ನೋವಿನ ಗುಳಿಗೆ ನುಂಗುತ್ತ ಓಡಾಡಿದವರಲ್ಲಿ 5 ಮಿ.ಮೀ. ತಗ್ಗು ಇದ್ದದ್ದು ಇಡೀ ಒಂದು ಮಗ್ಗುಲಿನ ಎಲುಬೇ ಇಲ್ಲದಂತಾಗಿರುತ್ತದೆ. ಆಪರೇಷನ್ ದಿನ ಗೊತ್ತಾಗುವವರೆಗೆ ಅವ್ವನಿಗೆ ವಾಕರ್ ಕೊಡಿ, ಮೆಟ್ಟಿಲು ತಪ್ಪಿಸಿ.

ಪ್ರಶ್ನೆ: ಎಕ್ಸ್‌ರೇ ನೋಡಿದ ಸರ್ಜನ್ ‘ತೆರೆದ ಮೇಲೆಯೇ ಪೂರ್ತಿ ಗೊತ್ತಾಗುವುದು’ ಎಂದರು. ಇಷ್ಟೆಲ್ಲ ಯಂತ್ರ ಇದ್ದೂ ಮೊದಲೇ ಹೇಳಲಾಗದೆ? ಚೀಟಿಯಲ್ಲಿ ‘ಟಿ 2ಬಿ’ ಎಂದು ಬರೆದಿದ್ದಾರೆ, ಅದೇನು?
(ಬಳ್ಳಾರಿ)

ಉತ್ತರ: ಅವರು ನಿಜವನ್ನೇ ಹೇಳಿದ್ದಾರೆ. ಎಕ್ಸ್‌ರೇಯಲ್ಲಿ ಲೋಹ ಬೆಳ್ಳಗೆ ಮೂಡಿ ತನ್ನ ಹಿಂದಿನ ಗುಳಿಯನ್ನು ಮರೆಮಾಡುತ್ತದೆ. ತೊಡೆ ಎಲುಬಿನ ಹಿಂಭಾಗವಂತೂ ಪೂರ್ತಿ ಮುಚ್ಚಿಹೋಗುತ್ತದೆ. ಹಾಗಾಗಿ ಎಕ್ಸ್‌ರೇ ಎಷ್ಟು ತೋರಿಸಿದರೂ ಒಳಗಿನ ನಷ್ಟ ಅದಕ್ಕಿಂತ ಹೆಚ್ಚೇ ಇರುತ್ತದೆ ಎಂದು ಹಿಡಿದು ತಯಾರಿ ಮಾಡುವುದು ಜಾಣತನ. ಓರೆಯಾಗಿ ತೆಗೆದ ಎಕ್ಸ್‌ರೇ ಸ್ವಲ್ಪ ನೆರವಾಗುತ್ತದೆ. ಲೋಹದ ಮಿನುಗನ್ನು ತಗ್ಗಿಸುವ ತಂತ್ರಾಂಶ ಇರುವ ಸಿ.ಟಿ. ಸ್ಕ್ಯಾನ್ ಇನ್ನೂ ಹೆಚ್ಚು. ಎಲ್ಲಕ್ಕಿಂತ ಬೆಲೆಬಾಳುವುದು ಮೊದಲ ಆಪರೇಷನ್ ಆದ ವಾರ ತೆಗೆದ ಹಳೆಯ ಫಿಲ್ಮು. ಅದನ್ನೂ ಇವತ್ತಿನದನ್ನೂ ಪಕ್ಕಪಕ್ಕ ಹಿಡಿದರೆ ತಟ್ಟೆ ಎಷ್ಟು ಇಳಿದಿದೆ, ಎತ್ತ ವಾಲಿದೆ ಎಂದು ಅಳೆಯಬಹುದು. ಟ್ರಂಕಿನಲ್ಲಿ ಹುಡುಕಿ ತನ್ನಿ.

‘ಟಿ’ ಅಂದರೆ ಟಿಬಿಯಾ, ಮೊಣಕಾಲಿನ ಕೆಳಗಿನ ದಪ್ಪ ಎಲುಬು. ತೊಡೆ ಎಲುಬಿಗೆ ‘ಎಫ್’ ಎಂದು ಬರೆಯುತ್ತಾರೆ. ಅಮೆರಿಕದ ಆಂಡರ್ಸನ್ ಆರ್ಥೋಪೆಡಿಕ್ ಸಂಶೋಧನಾ ಸಂಸ್ಥೆಯವರು ಮಾಡಿದ ವಿಂಗಡಣೆ ಇದು. 1 ಅಂದರೆ ಸಣ್ಣಪುಟ್ಟ ತಗ್ಗು, ಎಲುಬಿನ ಅಂಚು ಗಟ್ಟಿಯಾಗಿದೆ. 2ಎ ಅಂದರೆ ಒಂದೇ ಮಗ್ಗುಲು ಹಾಳಾಗಿದೆ, 2ಬಿ ಅಂದರೆ ಎರಡೂ ಮಗ್ಗುಲು. 3 ಅಂದರೆ ಎಲುಬಿನ ತಲೆಭಾಗದ ಬಹುಪಾಲು ಹೋಗಿದೆ, ಕೆಲವೊಮ್ಮೆ ಪಕ್ಕದ ಅಸ್ಥಿರಜ್ಜು ಅಂಟಿಕೊಂಡಿದ್ದ ಜಾಗವೂ ಹೋಗಿದೆ. ಹಳೆಯ ಇಂಪ್ಲಾಂಟ್ ತೆಗೆದು, ಅದನ್ನು ಎಲುಬಿಗೆ ಹಿಡಿಸಿದ್ದ ಸಿಮೆಂಟು, ಪೊರೆ ಎಲ್ಲ ಕೆರೆದು ತೊಳೆದ ಮೇಲೆ ಕಂಡದ್ದೇ ಕೊನೆಯ ಅಂಕ. ಚೀಟಿಯಲ್ಲಿ ಈಗ ಬರೆದದ್ದು ಅಂದಾಜು.

ನಮ್ಮ ಭಾಗದವರಿಗೆ ಇನ್ನೊಂದು ಮಾತು. ಬಳ್ಳಾರಿ, ಕೊಪ್ಪಳ, ರಾಯಚೂರು ಜಿಲ್ಲೆಗಳ ಹಲವು ಊರುಗಳ ಬೋರ್ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1.5 ಮಿ.ಗ್ರಾಂ. ಮಿತಿ ಮೀರಿದೆ. ಅದೇ ನೀರು ದಶಕಗಟ್ಟಲೆ ಕುಡಿದವರ ಎಲುಬು ಎಕ್ಸ್‌ರೇಯಲ್ಲಿ ಅಚ್ಚ ಬಿಳಿಯಾಗಿ, ಭಾರೀ ಗಟ್ಟಿಯಾಗಿ ಕಾಣುತ್ತದೆ. ಎಲುಬಿನ ಸಾಂದ್ರತೆ ಅಳೆಯುವ ಡೆಕ್ಸಾ ಪರೀಕ್ಷೆಯ ಅಂಕವೂ ಚೆನ್ನಾಗಿಯೇ ಬರುತ್ತದೆ. ನಂಬಬೇಡಿ. ಅದು ಸುಣ್ಣದ ಹಾಗೆ ಗಟ್ಟಿ, ಅಷ್ಟೇ ಪೆಳಸು. ಕೊರೆಯುವಾಗ ಕಾಯುತ್ತದೆ, ಬಡಿದು ಕೂಡಿಸುವಾಗ ಸೀಳುತ್ತದೆ. ನೀವು ಎಲ್ಲಿಯ ನೀರು ಕುಡಿದು ಬೆಳೆದವರು, ಬೆನ್ನು ಬಗ್ಗುತ್ತದೋ ಇಲ್ಲವೋ ಎಂಬುದನ್ನು ಸರ್ಜನ್ ಕೇಳದಿದ್ದರೂ ನೀವೇ ಹೇಳಿ.

ಪ್ರಶ್ನೆ: ‘ಆಗ್ಮೆಂಟ್’, ‘ಕೋನ್’, ‘ಸ್ಲೀವ್’, ‘ಸ್ಟೆಮ್’ ಎಂದು ನಾಲ್ಕು ಹೆಸರು ಹೇಳಿದರು. ತಗ್ಗಿಗೆ ಸಿಮೆಂಟ್ ತುಂಬಿದರೆ ಸಾಲದೆ? ಇಷ್ಟೊಂದು ಲೋಹ ಯಾಕೆ?
(ಕೊಪ್ಪಳ ಮತ್ತು ಲಿಂಗಸುಗೂರಿನ ಓದುಗರು)

ಉತ್ತರ: ತಗ್ಗು ಸುಮಾರು 5 ಮಿ.ಮೀ. ಒಳಗಿದ್ದು, ಸುತ್ತ ಎಲುಬಿನ ಗೋಡೆ ಇದ್ದರೆ ಸಿಮೆಂಟೇ ಸಾಕು. 5ರಿಂದ 10 ಮಿ.ಮೀ. ಇದ್ದು, ರೋಗಿಗೆ ವಯಸ್ಸಾಗಿ ಓಡಾಟ ಕಡಿಮೆ ಇದ್ದರೆ, ತಗ್ಗಿನಲ್ಲಿ ಒಂದೆರಡು ಸ್ಕ್ರೂ ನೆಟ್ಟು ಮೇಲೆ ಸಿಮೆಂಟ್ ಹಾಕುವ ಪದ್ಧತಿಯೂ ಇದೆ. ಅದಕ್ಕೂ ಆಳಕ್ಕೆ ಸಿಮೆಂಟ್ ಸಲ್ಲದು. ಮನೆ ಕಟ್ಟುವ ಸಿಮೆಂಟಿನಂತೆ ಇದೂ ಒತ್ತುವ ಭಾರ ತಡೆಯುತ್ತದೆ, ಜಗ್ಗುವ, ಜಾರಿಸುವ ಭಾರ ತಡೆಯುವುದಿಲ್ಲ. ದಪ್ಪ ಹಾಕಿದಷ್ಟೂ ಗಟ್ಟಿಯಾಗುವಾಗ ಕಾವು ಹೆಚ್ಚು, ಕುಗ್ಗುವಿಕೆ ಹೆಚ್ಚು. ಅದಲ್ಲದೆ ಸಡಿಲಾದ ಇಂಪ್ಲಾಂಟ್ ಉಜ್ಜಿ ಉಜ್ಜಿ ನುಣುಪಾದ ಎಲುಬಿಗೆ ಸಿಮೆಂಟ್ ಕಚ್ಚುವುದಿಲ್ಲ, ಗಾಜಿನ ಮೇಲೆ ಗಿಲಾವು ಮಾಡಿದ ಹಾಗೆ.

ಎಲುಬಿನ ಚೂರು ತುಂಬುವುದೂ ಉಂಟು. ಸುತ್ತ ಗೋಡೆ ಇರುವ ಗುಂಡಿಗೆ ಅದು ಒಳ್ಳೆಯದೇ, ವಯಸ್ಸು ಕಡಿಮೆ ಇದ್ದವರಲ್ಲಿ ಎಲುಬಿನ ಬಂಡವಾಳ ಮರಳುತ್ತದೆ. ದಾನಿಗಳ ದೊಡ್ಡ ಎಲುಬಿನ ತುಂಡನ್ನೇ ಕೆತ್ತಿ ಕೂಡಿಸುವ ಪದ್ಧತಿ ಮಾತ್ರ ಲೋಹದ ಕೋನ್ ಬಂದ ಮೇಲೆ ಹಿಂದೆ ಸರಿದಿದೆ. ಎಲುಬಿನ ಬ್ಯಾಂಕ್ ಎಲ್ಲ ಕಡೆ ಇಲ್ಲ. ಸಿಕ್ಕ ತುಂಡೂ ಕೆಲ ವರ್ಷಕ್ಕೆ ಕರಗಿ ಕುಸಿಯಬಹುದು.

ಈಗ ಲೋಹ. ಆಗ್ಮೆಂಟ್ ಅಂದರೆ ಇಂಪ್ಲಾಂಟಿನ ಬೆನ್ನಿಗೆ ಸ್ಕ್ರೂ ಅಥವಾ ಸಿಮೆಂಟಿನಿಂದ ಕೂಡಿಸುವ ಲೋಹದ ತುಂಡು. ಸಾಮಾನ್ಯವಾಗಿ 5, 10, 15 ಮಿ.ಮೀ. ದಪ್ಪದಲ್ಲಿ ಬರುತ್ತದೆ. ಬಡಗಿ ಮೇಜಿನ ಕುಂಟುಗಾಲಿಗೆ ಕೊಡುವ ಚಕ್ಕೆಯೇ ಇದು ಅನ್ನಿ. ಇಳಿಜಾರು ಬೆಣೆಯ ಆಕಾರವೂ ಉಂಟು, ಚೌಕದ ಇಟ್ಟಿಗೆಯ ಆಕಾರವೂ ಉಂಟು. ಇಳಿಜಾರಿನ ಮೇಲೆ ಭಾರ ಬಿದ್ದರೆ ಜಾರುವ ಒತ್ತಡ ಹುಟ್ಟುತ್ತದೆ, ಹಾಗಾಗಿ ಮೆಟ್ಟಿಲಿನಂತೆ ನೇರವಾಗಿ ಕತ್ತರಿಸಿ ಇಟ್ಟಿಗೆ ಕೂಡಿಸುವುದೇ ವಾಸಿ. ಒಂದು ಮಗ್ಗುಲಿನ ತಗ್ಗಿಗೆ, ಅಂದರೆ 2ಎ ತರಹದ್ದಕ್ಕೆ ಆಗ್ಮೆಂಟ್ ಹೇಳಿ ಮಾಡಿಸಿದ್ದು. ಎಲುಬಿನ ಒಳಗೇ ಬಾವಿಯಂತೆ ಟೊಳ್ಳಾಗಿದ್ದರೆ ಮಾತ್ರ ಆಗ್ಮೆಂಟಿನಿಂದ ಏನೂ ಆಗದು. ಅಲ್ಲಿ ಕೋನ್ ಅಥವಾ ಸ್ಲೀವ್ ಬೇಕು.

ಕೋನ್ ಎಂದರೆ ಎಣ್ಣೆ ಹೊಯ್ಯುವ ಲಾಳಿಕೆಯ ಮೇಲುಭಾಗದಂಥ ಆಕಾರ, ನಡುವೆ ತೂತು. ಮೊದಲು ಬಂದದ್ದು ಟ್ಯಾಂಟಲಮ್ ಲೋಹದ್ದು, ಈಗ ತ್ರೀ-ಡಿ ಮುದ್ರಣದಲ್ಲಿ ಮಾಡಿದ ಟೈಟೇನಿಯಮ್ಮಿನವೂ ಇವೆ. ಟ್ಯಾಂಟಲಮ್ ಕೋನನ್ನು ಕೈಯಲ್ಲಿ ಹಿಡಿದರೆ ಕಪ್ಪು ಸ್ಪಂಜಿನ ಹಾಗೆ ಕಾಣುತ್ತದೆ, ಉಗುರಾಡಿಸಿದರೆ ಉಪ್ಪುಕಾಗದದಂತೆ ಗರಗರ. ಗಾತ್ರದ ಮುಕ್ಕಾಲು ಪಾಲಿಗೂ ಹೆಚ್ಚು ಬರೀ ರಂಧ್ರ. ಆ ರಂಧ್ರಗಳೊಳಗೆ ಎಲುಬು ಬೆಳೆದು ಬೆಸೆಯುತ್ತದೆ. ಇದರ ಬಿಗುವು (ಬಾಗದೆ ನಿಲ್ಲುವ ಗುಣ) ಸುಮಾರು 3 ಗಿಗಾಪಾಸ್ಕಲ್, ಗಟ್ಟಿ ಟೈಟೇನಿಯಮ್ಮಿನದು 110ರ ಆಸುಪಾಸು. ಎಲುಬಿನಷ್ಟೇ ಮೆತ್ತಗೆ ಬಾಗುವುದರಿಂದ ಭಾರವನ್ನು ಪಕ್ಕದ ಎಲುಬಿಗೂ ಹಂಚುತ್ತದೆ, ಅದನ್ನು ಸೊರಗಲು ಬಿಡುವುದಿಲ್ಲ.

ಕೂಡಿಸುವ ಬಗೆ ಹೀಗೆ. ಟಿಬಿಯಾದ ಹಳೆಯ ತಟ್ಟೆ ತೆಗೆದು, ಮೆತ್ತಗಿನ ಪೊರೆಯನ್ನೆಲ್ಲ ಕೆರೆದು, ಒತ್ತಡದ ನೀರಿನಿಂದ ತೊಳೆಯುತ್ತಾರೆ. ಎಲುಬಿನ ನಡುವಿನ ಕೊಳವೆಯನ್ನು ಕೈಯಿಂದ ಒಂದೊಂದೇ ಅಳತೆ ಏರಿಸುತ್ತ ಕೊರೆಯುವ ಸಲಾಕೆಯಾದ ರೀಮರ್‌ನಿಂದ ಕೊರೆಯುತ್ತಾರೆ. ಗೋಡೆ ಕಚ್ಚಿ ಕೈಗೆ ಕರಕರ ಎನ್ನಿಸಿದ ಅಳತೆಯೇ ಸ್ಟೆಮ್ಮಿನ, ಅಂದರೆ ತಟ್ಟೆಯಿಂದ ಕೊಳವೆಯೊಳಗೆ ಇಳಿಯುವ ಲೋಹದ ಕಡ್ಡಿಯ ಅಳತೆ. ಆ ರೀಮರನ್ನೇ ಕಂಬವಾಗಿ ನಿಲ್ಲಿಸಿ, ಅದರ ಸುತ್ತ ಕೋನಿಗೆ ಜಾಗ ಕೊರೆಯುತ್ತಾರೆ. ನಕಲು ಕೋನ್ ಇಳಿಸಿ ಎರಡು ಬೆರಳಿನಿಂದ ತಿರುಗಿಸಿ ನೋಡುತ್ತಾರೆ. ತಿರುಗಬಾರದು, ಮಗ್ಗುಲಿಗೆ ಕುಣಿಯಬಾರದು. ಅದರೊಳಗಿಂದ ನಕಲು ತಟ್ಟೆ, ಸ್ಟೆಮ್ ಇಳಿಸಿ ಎಲ್ಲೂ ತಗುಲುವುದಿಲ್ಲವೆಂದು ಖಾತ್ರಿ ಮಾಡಿಕೊಂಡ ಮೇಲೆ ಅಸಲಿ ಕೋನನ್ನು ಬಡಿದು ಇಳಿಸುತ್ತಾರೆ. ಕೋನಿಗೂ ಎಲುಬಿಗೂ ನಡುವೆ ಉಳಿದ ಸಂದುಗಳಿಗೆ ಎಲುಬಿನ ಪುಡಿ ಮೆತ್ತುತ್ತಾರೆ. ಈ ಮೆತ್ತುವುದು ಅಲಂಕಾರಕ್ಕಲ್ಲ. ಆಮೇಲೆ ಕೋನಿನ ಒಳಗೆ ಸಿಮೆಂಟ್ ಹಾಕಿ ತಟ್ಟೆ ಕೂಡಿಸುವಾಗ ಸಿಮೆಂಟ್ ಆ ಸಂದಿಗೆ ನುಗ್ಗಿತೆಂದರೆ ಎಲುಬು ಬೆಳೆಯಲು ಇದ್ದ ದಾರಿಯೇ ಮುಚ್ಚಿತು. ಕೋನಿನ ಹೊರಮೈಗೆ ಎಲುಬು, ಒಳಮೈಗೆ ಸಿಮೆಂಟು: ಇದು ತಪ್ಪಬಾರದು.

ತಪ್ಪುವುದೆಲ್ಲಿ? ಒಂದು ಅಳತೆ ದೊಡ್ಡ ಕೋನನ್ನು ಹಟದಿಂದ ಬಡಿದರೆ ಎಲುಬು ಸೀಳುತ್ತದೆ. ಗೋಡೆ ತೆಳ್ಳಗಿದ್ದರೆ ಬಡಿಯುವ ಮೊದಲೇ ಸುತ್ತ ತಂತಿ ಬಿಗಿಯುವುದು ಕ್ಷೇಮ. ಕೋನ್ ಓರೆಯಾಗಿ ಕೂತರೆ ಸ್ಟೆಮ್ ಅದರ ಅಂಚಿಗೆ ತಗುಲಿ ತಟ್ಟೆಯೂ ಓರೆಯಾಗುತ್ತದೆ. ಮುಂದೊಮ್ಮೆ ಸೋಂಕಾದರೆ, ಎಲುಬು ಬೆಸೆದುಕೊಂಡ ಕೋನನ್ನು ಕಿತ್ತು ತೆಗೆಯುವುದು ದೊಡ್ಡ ಕೆಲಸ, ಎಲುಬನ್ನೂ ಜೊತೆಗೆ ತರುತ್ತದೆ. ಇದನ್ನು ಮೊದಲೇ ತಿಳಿದಿರಬೇಕು.

ಸ್ಲೀವ್ ಕೂಡ ಎಲುಬಿನ ಅದೇ ಜಾಗದಲ್ಲಿ ಕೂಡುವ, ಮೆಟ್ಟಿಲು ಮೆಟ್ಟಿಲಾದ ಟೈಟೇನಿಯಮ್ ತೊಡಿಗೆ. ವ್ಯತ್ಯಾಸ ಏನೆಂದರೆ ಕೋನ್ ಇಂಪ್ಲಾಂಟಿನಿಂದ ಬೇರೆ, ಯಾವ ದಿಕ್ಕಿಗೆ ಎಲುಬು ಸಿಕ್ಕೀತೋ ಆ ದಿಕ್ಕಿಗೆ ಕೂಡಿಸಬಹುದು. ಸ್ಲೀವ್ ಇಂಪ್ಲಾಂಟಿಗೇ ಮೊನಚು ತುದಿಯ ಜೋಡಣೆಯಿಂದ ಬಿಗಿಯುತ್ತದೆ. ಕೆಲಸ ಬೇಗ ಆಗುತ್ತದೆ, ಆದರೆ ಸ್ಲೀವ್ ಎತ್ತ ಮುಖ ಮಾಡಿತೋ ಇಂಪ್ಲಾಂಟಿಗೂ ಅತ್ತಲೇ ಎಳೆತ. ಆ ಜೋಡಣೆಯ ಮೇಲೆ ರಕ್ತ, ಕೊಬ್ಬು ಒಂದು ಹನಿ ಉಳಿದರೂ ಬಿಗಿ ಬರುವುದಿಲ್ಲ, ಒರೆಸಿ ಒಣಗಿಸಿಯೇ ಕೂಡಿಸಬೇಕು.

ಇಷ್ಟು ಲೋಹ ಯಾಕೆ ಎಂಬುದಕ್ಕೆ ಉತ್ತರ ಇಲ್ಲಿದೆ. ಇಂಪ್ಲಾಂಟಿಗೆ ಹಿಡಿತ ಸಿಗುವ ಜಾಗ ಮೂರು: ಕೀಲಿನ ಮೇಲ್ಮೈ, ಅದರ ಕೆಳಗಿನ ಅಗಲವಾದ ಸ್ಪಂಜು ಎಲುಬು, ಅದಕ್ಕೂ ಕೆಳಗಿನ ಕೊಳವೆ. ಈ ಮೂರರಲ್ಲಿ ಎರಡು ಕಡೆಯಾದರೂ ಗಟ್ಟಿ ಹಿಡಿತ ಇರಲೇಬೇಕು. ಮೇಲ್ಮೈ ಹಾಳಾಗಿದ್ದರೆ ಕೋನ್ ಅಥವಾ ಸ್ಲೀವ್ ನಡುವೆ ಹಿಡಿಯುತ್ತದೆ, ಸ್ಟೆಮ್ ಕೊಳವೆಯಲ್ಲಿ ಹಿಡಿಯುತ್ತದೆ. ತಗ್ಗು ತುಂಬಿತು ಎಂದು ಸಮಾಧಾನಪಡುವವರು ಬಹಳ ಜನ. ಕೇಳಬೇಕಾದ್ದು ‘ತಗ್ಗಿಗೆ ಏನು ತುಂಬುತ್ತೀರಿ’ ಎಂದಲ್ಲ, ‘ಹಿಡಿತ ಎಲ್ಲೆಲ್ಲಿ ಸಿಗುತ್ತದೆ’ ಎಂದು. ತಲೆಭಾಗವೇ ಇಲ್ಲದ 3ನೇ ಬಗೆಯ ಕೆಲವರಲ್ಲಿ, ಅದರಲ್ಲೂ ವಯಸ್ಸಾದವರಲ್ಲಿ, ಇದಾವುದೂ ಬೇಡವೆಂದು ತೊಡೆ ಎಲುಬಿನ ಕೆಳತುದಿಯನ್ನೇ ಲೋಹದ್ದಾಗಿ ಬದಲಿಸುವುದೂ ಉಂಟು.

ಪ್ರಶ್ನೆ: ಎರಡನೇ ಆಪರೇಷನ್ ಆಗಿ ಏಳು ತಿಂಗಳಾಯಿತು. ಮೊಣಕಾಲು ಆರಾಮ, ಆದರೆ ಕಣಕಾಲಿನ ನಡುವೆ ಒಂದೇ ಜಾಗದಲ್ಲಿ ಬೆರಳಿಟ್ಟು ತೋರಿಸಬಹುದಾದಂಥ ನೋವು.
(ಮಾನ್ವಿ)

ಉತ್ತರ: ಅದು ಸ್ಟೆಮ್ಮಿನ ತುದಿಯ ನೋವು ಇರಬಹುದು. ಸಿಮೆಂಟಿಲ್ಲದೆ ಬಿಗಿಯಾಗಿ ಇಳಿಸಿದ ಉದ್ದ ಸ್ಟೆಮ್ಮಿನಲ್ಲಿ, ಗಟ್ಟಿ ಲೋಹ ಮುಗಿದು ಬರೀ ಎಲುಬು ಶುರುವಾಗುವ ಜಾಗದಲ್ಲಿ ಒತ್ತಡ ಕೂಡುತ್ತದೆ. ಎಕ್ಸ್‌ರೇಯಲ್ಲಿ ಅಲ್ಲಿ ಎಲುಬು ದಪ್ಪಗಾಗಿದ್ದು, ಬೇರೆಲ್ಲೂ ಲೋಹದ ಸುತ್ತ ಸಡಿಲಿನ ಗುರುತಾದ ಕಪ್ಪು ಗೆರೆ ಇಲ್ಲದಿದ್ದರೆ ಕಾಯಬಹುದು, ಹಲವರಲ್ಲಿ ತಾನೇ ತಗ್ಗುತ್ತದೆ. ತುದಿಯಲ್ಲಿ ಸೀಳು ಬಿಟ್ಟು, ಸ್ವಲ್ಪ ಬಾಗುವಂತೆ ಮಾಡಿದ ಸ್ಟೆಮ್‌ಗಳು ಬಂದದ್ದೇ ಈ ನೋವಿಗಾಗಿ. ಸಿಮೆಂಟ್ ಹಾಕಿದ ಗಿಡ್ಡ ಸ್ಟೆಮ್ಮಿನಲ್ಲಿ ಈ ಕಾಟ ಕಡಿಮೆ, ಆದರೆ ಮತ್ತೆ ತೆಗೆಯಬೇಕಾದಾಗ ಕೊಳವೆಯಿಂದ ಸಿಮೆಂಟ್ ಕೆತ್ತುವ ಕಷ್ಟ ಅದರದು. ನೋವು ರಾತ್ರಿ ಮಲಗಿದಾಗಲೂ ಇದ್ದರೆ, ಅಥವಾ ದಿನೇ ದಿನೇ ಏರುತ್ತಿದ್ದರೆ ಕಾಯಬೇಡಿ. ಸೋಂಕು ಮತ್ತು ಬಿರುಕು ಎರಡನ್ನೂ ನೋಡಬೇಕು.

ಪ್ರಶ್ನೆ: ನಮ್ಮ ಅಪ್ಪ ಕುರಿ ಕಾಯುವವರು. ಬದಲಿ ಮಾಡಿದ ಮೊಣಕಾಲು ಊದಿ ಬಿಸಿಯಾಗಿದೆ. ಎರಡು ಸಲ ನೀರು ತೆಗೆದು ಪರೀಕ್ಷೆಗೆ ಕಳಿಸಿದ್ದಾರೆ. ಸೋಂಕಿದ್ದರೆ ಎರಡು ಆಪರೇಷನ್ ಬೇಕಂತೆ. ಒಂದೇ ಸಲಕ್ಕೆ ಹಳೆಯದು ತೆಗೆದು ಹೊಸ ಲೋಹ ಕೂಡಿಸಬಾರದೆ?
(ಕುಷ್ಟಗಿ)

ಉತ್ತರ: ಸೋಂಕು ಇಲ್ಲ ಎಂದು ಖಚಿತವಾಗುವ ಮೊದಲು ಎಷ್ಟೇ ಒಳ್ಳೆಯ ಕೋನ್ ಕೂಡಿಸಿದರೂ ನೀರಿನಲ್ಲಿ ಹೋಮ. ಸೂಕ್ಷ್ಮಜೀವಿಗಳು ಲೋಹದ ಮೇಲೆ ಪೊರೆ ಕಟ್ಟಿಕೊಂಡು ಕೂಡುತ್ತವೆ, ಔಷಧಿ ಅವಕ್ಕೆ ತಲುಪುವುದಿಲ್ಲ. ಹಾಗಾಗಿ ಸಡಿಲಾದ ಪ್ರತಿ ಮೊಣಕಾಲನ್ನೂ ‘ಸೋಂಕಿರಬಹುದು’ ಎಂದೇ ನೋಡಬೇಕು, ಜ್ವರ ಇಲ್ಲದಿದ್ದರೂ.

ರಕ್ತದಲ್ಲಿ ಉರಿಯೂತ ತೋರಿಸುವ ಇಎಸ್‌ಆರ್, ಸಿಆರ್‌ಪಿ ನೋಡುತ್ತಾರೆ. ಮುಖ್ಯವಾದದ್ದು ಕೀಲಿನ ನೀರು. ಹಳೆಯ ಸೋಂಕಿನಲ್ಲಿ ಒಂದು ಮೈಕ್ರೋಲೀಟರಿಗೆ 3000ಕ್ಕಿಂತ ಹೆಚ್ಚು ಬಿಳಿ ರಕ್ತಕಣ, ಅಥವಾ ಅವುಗಳಲ್ಲಿ ನ್ಯೂಟ್ರೋಫಿಲ್ ಎಂಬ ಬಗೆಯ ಕಣಗಳ ಪಾಲು 80 ಶೇಕಡಾ ದಾಟಿದ್ದರೆ ಅನುಮಾನ ಬಲವಾಗುತ್ತದೆ. ಜೀವಿ ಯಾವುದೆಂದು ತಿಳಿಯಲು ಕಲ್ಚರ್, ಅಂದರೆ ಅದನ್ನು ಲ್ಯಾಬಿನಲ್ಲಿ ಬೆಳೆಸಿ ನೋಡುವ ಪರೀಕ್ಷೆ ಬೇಕು. ಅದಕ್ಕೆ ಕಲ್ಲು ಹಾಕುವುದು ಮೆಡಿಕಲ್ ಅಂಗಡಿಯ ಗುಳಿಗೆ. ಊದಿದೆ ಎಂದು ನಾಲ್ಕು ದಿನ ಆಂಟಿಬಯಾಟಿಕ್ ನುಂಗಿ ಬಂದರೆ ಕಲ್ಚರಿನಲ್ಲಿ ಏನೂ ಬೆಳೆಯುವುದಿಲ್ಲ, ಸೋಂಕು ಮಾತ್ರ ಒಳಗೇ ಇರುತ್ತದೆ. ರೋಗಿ ಮೈಬಿಸಿಯಿಂದ ಒದ್ದಾಡುತ್ತಿಲ್ಲವಾದರೆ ಕನಿಷ್ಠ 2 ವಾರ ಆ ಗುಳಿಗೆ ನಿಲ್ಲಿಸಿಯೇ ನೀರು ತೆಗೆಯಬೇಕು. ಅದು ಡಾಕ್ಟರ ತೀರ್ಮಾನ, ನೀವಾಗಿ ನಿಲ್ಲಿಸಬೇಡಿ. ಕೆಲವು ಜೀವಿಗಳು ನಿಧಾನ, ಕಲ್ಚರ್ ತಟ್ಟೆಯನ್ನು 14 ದಿನ ಇಡಬೇಕು. ‘ಮೂರು ದಿನಕ್ಕೆ ಏನೂ ಬೆಳೆದಿಲ್ಲ’ ಎಂಬ ರಿಪೋರ್ಟಿಗೆ ಸಮಾಧಾನಪಡಬೇಡಿ.

ಕುರಿ ಕಾಯುವವರು ಎಂದು ಬರೆದದ್ದು ಒಳ್ಳೆಯದಾಯಿತು. ಕುರಿ, ಮೇಕೆಗಳಿಂದ, ಕಾಯಿಸದ ಹಾಲಿನಿಂದ, ಮರಿ ಹಾಕಿಸುವಾಗಿನ ರಕ್ತ ನೀರಿನಿಂದ ಬ್ರುಸೆಲ್ಲಾ ಎಂಬ ಜೀವಿ ಮನುಷ್ಯರಿಗೆ ಬರುತ್ತದೆ, ಅಪರೂಪಕ್ಕೆ ಬದಲಿ ಮಾಡಿದ ಕೀಲಿನಲ್ಲೂ ಮನೆ ಮಾಡುತ್ತದೆ. ಅದಕ್ಕೆ ಬೇರೆಯದೇ ರಕ್ತ ಪರೀಕ್ಷೆ, ಬೇರೆಯದೇ ಔಷಧಿ, ಅದೂ ಬಹಳ ದಿನ. ಲ್ಯಾಬಿನವರಿಗೂ ಮೊದಲೇ ತಿಳಿಸಬೇಕು, ಏಕೆಂದರೆ ತಟ್ಟೆ ತೆರೆದವರಿಗೇ ಅದು ಅಂಟಬಲ್ಲದು. ಕ್ಷಯವನ್ನೂ ಮರೆಯಬಾರದು.

ಎರಡು ಹಂತ ಅಂದರೆ ಇಷ್ಟು. ಮೊದಲ ಸಲ ಎಲ್ಲ ಲೋಹ, ಸಿಮೆಂಟ್ ತೆಗೆದು, ಐದಾರು ಕಡೆಯಿಂದ ಮಾಂಸದ ಚೂರು ಪರೀಕ್ಷೆಗೆ ಕಳಿಸಿ, ಖಾಲಿ ಜಾಗಕ್ಕೆ ಆಂಟಿಬಯಾಟಿಕ್ ಬೆರೆಸಿದ ಸಿಮೆಂಟಿನ ಸ್ಪೇಸರ್ ಇಡುತ್ತಾರೆ. ಸಾಮಾನ್ಯವಾಗಿ 6 ವಾರದಷ್ಟು ಔಷಧಿ. ಗಾಯ ಒಣಗಿ, ಸಿಆರ್‌ಪಿ ಇಳಿದ ಮೇಲೆ ಎರಡನೇ ಸಲ. ಕೋನ್, ಸ್ಲೀವ್ ಕೂಡುವುದು ಆಗ. ಜೀವಿ ಯಾವುದೆಂದು ಮೊದಲೇ ಗೊತ್ತಿದ್ದು, ಔಷಧಿಗೆ ಬಗ್ಗುವಂಥದ್ದಾಗಿದ್ದು, ಚರ್ಮ ಮಾಂಸ ಚೆನ್ನಾಗಿದ್ದರೆ ಒಂದೇ ಹಂತದಲ್ಲಿ ಮಾಡುವವರೂ ಇದ್ದಾರೆ. ನಿಮ್ಮ ಅಪ್ಪನಿಗೆ ಜೀವಿಯ ಹೆಸರೇ ಇನ್ನೂ ಗೊತ್ತಾಗಿಲ್ಲ, ಹಾಗಾಗಿ ಆ ಮಾತು ಈಗ ಬೇಡ.

ಸ್ಪೇಸರ್ ಇದ್ದಾಗ ‘ನೋವಿಲ್ಲ’ ಎಂದು ಕುರಿ ಹಿಂದೆ ಹೋಗುವುದು ದೊಡ್ಡ ತಪ್ಪು. ಅದು ಸುಮ್ಮನೆ ಇಟ್ಟ ಸಿಮೆಂಟು. ಜರುಗಿತೆಂದರೆ ಉಳಿದ ಎಲುಬನ್ನೂ ಅರೆಯುತ್ತದೆ, 2ಎ ಇದ್ದದ್ದು 2ಬಿ ಆಗಿರುತ್ತದೆ. ವಾಕರ್ ಹಿಡಿದು, ಹೇಳಿದಷ್ಟೇ ಭಾರ ಹಾಕಿ ನಡೆಯಲಿ. ಸಕ್ಕರೆ ಕಾಯಿಲೆ ಇದ್ದರೆ ಮೂರು ತಿಂಗಳ ಸಕ್ಕರೆಯ ಸರಾಸರಿ (ಎಚ್‌ಬಿಎ1ಸಿ) 8ಕ್ಕಿಂತ ಕೆಳಗೆ ತರುವುದಕ್ಕೆ ಈ ನಡುವಿನ ಕಾಲವೇ ಸರಿಯಾದ ಹೊತ್ತು.

ಪ್ರಶ್ನೆ: ನಾನು ಆಪರೇಷನ್ ಥಿಯೇಟರ್ (ಓ.ಟಿ.) ಟೆಕ್ನಿಷಿಯನ್. ಹೊರಗಿನಿಂದ ಬರುವ ಸರ್ಜನ್ ನಮ್ಮಲ್ಲಿ ರಿವಿಷನ್, ಅಂದರೆ ಎರಡನೇ ಸಲದ ಬದಲಿ ಮಾಡಲಿದ್ದಾರೆ. ಏನೇನು ತಯಾರಿಡಬೇಕು? ತೊಡೆ ಎಲುಬಿಗೆ ಆಗ್ಮೆಂಟ್ ಯಾಕೆ, ನಡುವಿನ ಪ್ಲಾಸ್ಟಿಕ್ ದಪ್ಪದ್ದು ಹಾಕಿದರೆ ಸಡಿಲು ಹೋಗುವುದಿಲ್ಲವೇ?
(ರಾಯಚೂರು)

ಉತ್ತರ: ಎರಡನೇ ಪ್ರಶ್ನೆ ಮೊದಲು, ಏಕೆಂದರೆ ಆಪರೇಷನ್ ಕೆಡುವುದು ಅಲ್ಲೇ. ತೊಡೆ ಎಲುಬಿನ ಕೆಳತುದಿ ಸವೆದಿದ್ದಾಗ, ಸವೆದಲ್ಲಿಗೇ ಹೊಸ ಇಂಪ್ಲಾಂಟ್ ಕೂಡಿಸಿದರೆ ಕೀಲಿನ ಗೆರೆ, ಅಂದರೆ ಎರಡು ಎಲುಬು ಕೂಡುವ ಮಟ್ಟ ಮೇಲೇರುತ್ತದೆ. ಕಾಲು ನೀಡಿದಾಗ ಸಡಿಲು. ದಪ್ಪ ಪ್ಲಾಸ್ಟಿಕ್ ಹಾಕಿದರೆ ಆ ಸಡಿಲು ಹೋಗುತ್ತದೆ ನಿಜ, ಆದರೆ ಮಡಿಚಿದಾಗ ವಿಪರೀತ ಬಿಗಿ, ನಡು ಮಡಿಕೆಯಲ್ಲಿ ಅಲುಗಾಟ, ಚಿಪ್ಪು ಕೆಳಗಿಳಿದು ಪ್ಲಾಸ್ಟಿಕ್ಕಿಗೆ ತಗುಲುವುದು. ರೋಗಿ ಮೆಟ್ಟಿಲು ಇಳಿಯುವಾಗ ‘ಕಾಲು ಕೈಕೊಡ್ತದ’ ಅನ್ನುತ್ತಾರೆ. ಲೆಕ್ಕ ಇಷ್ಟೇ: ಟಿಬಿಯಾ ಕಡೆ ಏನು ಮಾಡಿದರೂ ಕಾಲು ನೀಡಿದಾಗ ಎರಡು ಎಲುಬುಗಳ ನಡುವೆ ಇರುವ ಜಾಗ (ನೀಡಿದ ಸಂದು), ಮಡಿಚಿದಾಗ ಇರುವ ಜಾಗ (ಮಡಿಚಿದ ಸಂದು) ಎರಡೂ ಬದಲಾಗುತ್ತವೆ. ತೊಡೆ ಎಲುಬಿನ ಕೆಳತುದಿಯ ಆಗ್ಮೆಂಟ್ ನೀಡಿದ ಸಂದನ್ನಷ್ಟೇ, ಹಿಂಬದಿಯ ಆಗ್ಮೆಂಟ್ ಮಡಿಚಿದ ಸಂದನ್ನಷ್ಟೇ ಬದಲಿಸುತ್ತದೆ. ಅದಕ್ಕೇ ಮೊದಲು ಟಿಬಿಯಾದ ಮೇಲೆ ಸಮತಟ್ಟಾದ ಕಟ್ಟೆ ಕಟ್ಟಿ, ಆಮೇಲೆ ಮಡಿಚಿದ ಸಂದು, ಕೊನೆಗೆ ನೀಡಿದ ಸಂದು. ಕೀಲಿನ ಗೆರೆ ಹುಡುಕಲು ತೊಡೆ ಎಲುಬಿನ ಪಕ್ಕದ ಉಬ್ಬುಗಳೇ ಆಸರೆ. ಒಳಗಿನ ಉಬ್ಬಿನಿಂದ ಸುಮಾರು 30 ಮಿ.ಮೀ., ಹೊರಗಿನದರಿಂದ ಸುಮಾರು 25 ಮಿ.ಮೀ. ಕೆಳಗೆ ಅದು ಬರಬೇಕು.

ತಯಾರಿ: ತೆಳ್ಳಗಿನ ಗರಗಸದ ಬ್ಲೇಡುಗಳು, ಬಾಗುವ ತೆಳು ಉಳಿಗಳು, ಗಿಗ್ಲಿ ತಂತಿ ಗರಗಸ, ವೇಗದ ಬರ್, ಆ ಕಂಪನಿಯ ಇಂಪ್ಲಾಂಟ್ ಕೀಳುವ ಉಪಕರಣ. ಹಳೆಯ ಇಂಪ್ಲಾಂಟ್ ಯಾವ ಕಂಪನಿಯದೆಂದು ಹಳೆಯ ಸ್ಟಿಕರಿನಿಂದ ಮೊದಲೇ ಕಂಡುಕೊಳ್ಳಿ. ಇಂಪ್ಲಾಂಟ್ ಮತ್ತು ಸಿಮೆಂಟಿನ ನಡುವೆ ಬಿಡಿಸಬೇಕು, ಸಿಮೆಂಟ್ ಮತ್ತು ಎಲುಬಿನ ನಡುವೆ ಅಲ್ಲ. ಅವಸರದಲ್ಲಿ ಸುತ್ತಿಗೆ ಬೀಸಿದರೆ ಎಲುಬಿನ ಹೋಳೇ ಲೋಹದ ಜೊತೆ ಕೈಗೆ ಬರುತ್ತದೆ, ಬೆಳಿಗ್ಗೆ ಇಲ್ಲದ ತಗ್ಗನ್ನು ನಾವೇ ಮಾಡಿದಂತೆ. ಆಗ್ಮೆಂಟ್, ಕೋನ್ ಅಥವಾ ಸ್ಲೀವ್, ಸ್ಟೆಮ್, ನಡುಗೆರೆಯಿಂದ ಪಕ್ಕಕ್ಕೆ ಸರಿದ (ಆಫ್‌ಸೆಟ್) ಸ್ಟೆಮ್: ಎಲ್ಲದರ ಎಲ್ಲ ಅಳತೆ, ನಕಲುಗಳ ಸಮೇತ. ಅಂದಾಜಿಗಿಂತ ಒಂದು ಹಂತ ಹೆಚ್ಚು ಬಿಗಿಯ ಇಂಪ್ಲಾಂಟ್, ಅಂದರೆ ಬಾಗಿಲ ತಿರುಗಣಿಯಂತೆ ಎರಡು ಭಾಗವೂ ಕೂಡಿಕೊಂಡೇ ಇರುವ ಹಿಂಜ್ ಕೂಡ ಕೋಣೆಯಲ್ಲಿರಬೇಕು. ಪಕ್ಕದ ಅಸ್ಥಿರಜ್ಜು ಇಲ್ಲವೆಂದು ತೆರೆದ ಮೇಲೆ ಗೊತ್ತಾದರೆ ಹೈದರಾಬಾದಿನಿಂದ ತರಿಸಲು ಹೊತ್ತಿರುವುದಿಲ್ಲ. ಎಲುಬಿಗೆ ಸುತ್ತುವ ತಂತಿ, ಕೊಳವೆಯ ಬಿರಡೆ, ಸಿಮೆಂಟ್ ಗನ್. ಸಿಮೆಂಟ್ 40 ಗ್ರಾಂ ಪ್ಯಾಕ್ ನಾಲ್ಕಾದರೂ ಇರಲಿ.

ಸಿಮೆಂಟಿನ ಬಗ್ಗೆ ಒಂದು ಎಚ್ಚರ. ರಾಯಚೂರಿನ ಏಪ್ರಿಲ್, ಮೇ ತಿಂಗಳಿನಲ್ಲಿ ಕರೆಂಟ್ ಹೋಗಿ ಎ.ಸಿ. ನಿಂತರೆ ಕೋಣೆ ಕಾಯುತ್ತದೆ, ಸಿಮೆಂಟ್ ಲೆಕ್ಕಕ್ಕಿಂತ ಎಷ್ಟೋ ಬೇಗ ಗಟ್ಟಿಯಾಗುತ್ತದೆ. ತಟ್ಟೆ ಅರ್ಧ ಇಳಿದಲ್ಲೇ ಕಚ್ಚಿಕೊಂಡರೆ ಮುಗಿಯಿತು. ಪ್ಯಾಕುಗಳನ್ನು 25 ಡಿಗ್ರಿಗಿಂತ ತಂಪಿನಲ್ಲಿ ಇಟ್ಟಿರಿ, ಜನರೇಟರ್ ಎ.ಸಿ.ಗೂ ಸಾಲುತ್ತದೋ ಹಿಂದಿನ ದಿನವೇ ನೋಡಿ, ಟಿಬಿಯಾ ಮತ್ತು ತೊಡೆ ಎಲುಬಿಗೆ ಬೇರೆ ಬೇರೆಯಾಗಿ ಕಲಸುವುದೇ ಒಳ್ಳೆಯದು. ಇಂಪ್ಲಾಂಟ್ ಹಿಡಿಸುವ ಸಿಮೆಂಟಿಗೆ ಕೈಯಿಂದ ಆಂಟಿಬಯಾಟಿಕ್ ಪುಡಿ ಸುರಿಯುವ ಚಪಲ ಬೇಡ, ಹೆಚ್ಚಾದರೆ ಅದರ ಬಲ ತಗ್ಗುತ್ತದೆ. ಸ್ಪೇಸರಿಗೆ ಮಾತ್ರ ಹೆಚ್ಚು ಪ್ರಮಾಣ, ಏಕೆಂದರೆ ಅದು ಹೇಗೂ ತೆಗೆಯುವಂಥದ್ದು.

ಪ್ರಶ್ನೆ: ಖರ್ಚು ಎಷ್ಟಾಗಬಹುದು? ಸರ್ಕಾರಿ ಯೋಜನೆಯಲ್ಲಿ ಸಿಗುತ್ತದೆಯೇ? ಇಷ್ಟು ಲೋಹವಿದ್ದರೆ ಎಂ.ಆರ್.ಐ. ಮಾಡಬಹುದೇ?
(ಸಂಡೂರು)

ಉತ್ತರ: ರಾಷ್ಟ್ರೀಯ ಔಷಧ ಬೆಲೆ ನಿಗದಿ ಪ್ರಾಧಿಕಾರ 2017ರ ಆಗಸ್ಟ್‌ನಲ್ಲಿ ಮೊಣಕಾಲಿನ ಇಂಪ್ಲಾಂಟ್‌ಗಳಿಗೆ ಗರಿಷ್ಠ ಬೆಲೆ ಕಟ್ಟಿತು, ರಿವಿಷನ್ನಿನ ಭಾಗಗಳಿಗೂ. ರಿವಿಷನ್ನಿನಲ್ಲಿ ಭಾಗಗಳ ಸಂಖ್ಯೆಯೇ ಹೆಚ್ಚು, ಯಾವುವು ಬಳಕೆಯಾಗುತ್ತವೆ ಎಂಬುದು ಒಳಗೆ ಗೊತ್ತಾಗುವಂಥದ್ದು. ಹಾಗಾಗಿ ‘ಆಗ್ಮೆಂಟ್ ಮಾತ್ರ ಸಾಕಾದರೆ ಎಷ್ಟು, ಕೋನ್ ಬೇಕಾದರೆ ಎಷ್ಟು’ ಎಂದು ಎರಡು ಅಂದಾಜು ಬರೆಸಿಕೊಳ್ಳಿ. ಬಿಲ್ಲಿನಲ್ಲಿ ಪ್ರತಿ ಭಾಗಕ್ಕೂ ಬೇರೆ ಸಾಲು, ಕಂಪನಿ, ಬ್ಯಾಚ್ ಸಂಖ್ಯೆ ಇರಲಿ. ಸ್ಟಿಕರುಗಳ ಫೋಟೊ ತೆಗೆದಿಟ್ಟುಕೊಳ್ಳಿ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದ ಕಾರ್ಡ್ ಇದ್ದರೆ ಆಸ್ಪತ್ರೆಯ ಆರೋಗ್ಯಮಿತ್ರರನ್ನು ಕಂಡು, ದಾಖಲಾಗುವ ಮೊದಲೇ ಪೂರ್ವಾನುಮತಿ ಕೇಳಿ. ದಾಖಲಾದ ಮೇಲೆ ಓಡಾಡಿದರೆ ಬಹಳ ಸಲ ಕೈಯಿಂದ ಕಟ್ಟಬೇಕಾಗುತ್ತದೆ.

ಟೈಟೇನಿಯಮ್, ಟ್ಯಾಂಟಲಮ್, ಕೋಬಾಲ್ಟ್ ಕ್ರೋಮ್ ಅಯಸ್ಕಾಂತಕ್ಕೆ ಕಬ್ಬಿಣದಂತೆ ಹಾರುವುದಿಲ್ಲ. ಬೇರೆ ಅಂಗದ ಎಂ.ಆರ್.ಐ. ಸಾಮಾನ್ಯವಾಗಿ ಮಾಡಬಹುದು, ಇಂಪ್ಲಾಂಟಿನ ಚೀಟಿ ತೋರಿಸಿ. ಮೊಣಕಾಲಿನ ಚಿತ್ರ ಮಾತ್ರ ಮಸುಕು.

ಪ್ರಶ್ನೆ: ನಮ್ಮ ಅಜ್ಜಿಗೆ 71. ಕೋನ್, ಸ್ಟೆಮ್ ಹಾಕಿ ಆಪರೇಷನ್ ಆಗಿದೆ. ಮೊದಲಿನಂತೆ ನೆಲಕ್ಕೆ ಕೂತು ಊಟ, ರೊಟ್ಟಿ ಬಡಿಯುವುದು ಆಗುತ್ತದೆಯೇ? ಅಂಜನಾದ್ರಿ ಹತ್ತಬೇಕೆಂಬ ಹರಕೆ ಇದೆ.
(ಗಂಗಾವತಿ)

ಉತ್ತರ: ನೆಲಕ್ಕೆ ಕೂಡುವುದು ಬೇಡ. ರೊಟ್ಟಿ ಬಡಿಯಲಿ, ಆದರೆ ಒಲೆಯನ್ನು ಕಟ್ಟೆಯ ಮೇಲೆ ಏರಿಸಿ, ಎತ್ತರದ ಸ್ಟೂಲಿನ ಮೇಲೆ ಕೂತು. ಎರಡನೇ ಆಪರೇಷನ್ನಿನಲ್ಲಿ ಮಡಿಕೆ 90ರಿಂದ 100 ಡಿಗ್ರಿ ಬಂದರೆ ಒಳ್ಳೆಯ ಫಲವೇ. ಚಕ್ಕಂಬಕ್ಕಳ ಹಾಕಿದರೆ ಅದಕ್ಕಿಂತ ಹೆಚ್ಚಿನ ಮಡಿಕೆ ಮಾತ್ರವಲ್ಲ, ತಿರುಚೂ ಸೇರುತ್ತದೆ. ಬಿಗಿ ಜೋಡಣೆಯ ಇಂಪ್ಲಾಂಟಿನಲ್ಲಿ ಆ ತಿರುಚು ಅಸ್ಥಿರಜ್ಜುಗಳ ಮೇಲೆ ಬೀಳದೆ ನೇರವಾಗಿ ಕೋನು, ಸ್ಟೆಮ್ಮಿನ ಹಿಡಿತಕ್ಕೆ ಹೋಗುತ್ತದೆ. ಪಾಯಿಖಾನೆಗೆ ಕುರ್ಚಿ ಕಮೋಡ್ ಹಾಕಿಸಿ.

ಭಾರ ಎಷ್ಟು ಹಾಕಬೇಕು ಎಂಬುದು ಒಳಗಿನ ಹಿಡಿತದ ಮೇಲೆ ನಿಂತಿದೆ. ಕೆಲವರಿಗೆ ಮರುದಿನವೇ ಪೂರ್ತಿ, ಕೆಲವರಿಗೆ 6 ವಾರ ಅರ್ಧ. ಡಿಸ್ಚಾರ್ಜ್ ಚೀಟಿಯಲ್ಲಿ ಬರೆಸಿಕೊಳ್ಳಿ. ಆಪರೇಷನ್ನಿನಲ್ಲಿ ಕೀಲಿನ ಒಳಹೋಗಲು ಚಿಪ್ಪಿನ ಕೆಳಗಿನ ಎಲುಬಿನ ಉಬ್ಬನ್ನು ಕತ್ತರಿಸಿ ಎತ್ತಿದ್ದರೆ, ಅದು ಕೂಡುವವರೆಗೆ ಮಡಿಚಿದ ಕಾಲನ್ನು ತಾನೇ ಬಲ ಹಾಕಿ ನೀಡುವ, ನೇರ ಎತ್ತುವ ವ್ಯಾಯಾಮ ಮಾಡಿಸಬಾರದು. ಫಿಸಿಯೊಥೆರಪಿಯವರಿಗೆ ಈ ವಿಷಯ ಹೇಳದೆ ಬಿಟ್ಟು ಆ ಉಬ್ಬು ಕಿತ್ತುಬರುವುದುಂಟು. ಎಕ್ಸ್‌ರೇ 6 ವಾರಕ್ಕೆ, 3 ತಿಂಗಳಿಗೆ, ವರ್ಷಕ್ಕೆ, ಆಮೇಲೆ ಪ್ರತಿ ವರ್ಷ. ಒಂದು ವರ್ಷದ ಫಿಲ್ಮಿನಲ್ಲಿ ಕೋನಿನ ಅಂಚಿಗೆ ಎಲುಬು ತಾಗಿ ಬೆಳೆದದ್ದು ಕಾಣಬೇಕು, ಸುತ್ತ ಹೊಸ ಕಪ್ಪು ಗೆರೆ ಇರಬಾರದು.

ಅಂಜನಾದ್ರಿಗೆ 570ಕ್ಕೂ ಹೆಚ್ಚು ಮೆಟ್ಟಿಲು. ಮೊದಲ ವರ್ಷ ಖಂಡಿತ ಬೇಡ, ಆಮೇಲೂ ನಮ್ಮ ಸಲಹೆ ಬೇಡವೆಂದೇ. ಕಾಯಿ ಕರ್ಪೂರ ಮೊಮ್ಮಕ್ಕಳ ಕೈಯಲ್ಲಿ ಕಳಿಸಿ, ಅಜ್ಜಿ ಪಾದಗಟ್ಟೆಯಲ್ಲಿ ಕೈ ಮುಗಿಯಲಿ. ಮನೆಯ ನಾಲ್ಕೈದು ಮೆಟ್ಟಿಲಿಗೆ ಮಾತ್ರ ಈ ಕ್ರಮ ಕಲಿಸಿ: ಒಂದು ಕೈ ಕಟಾಂಜನದ ಮೇಲೆ, ಹತ್ತುವಾಗ ಒಳ್ಳೆಯ ಕಾಲು ಮೊದಲು, ಇಳಿಯುವಾಗ ಆಪರೇಷನ್ ಆದ ಕಾಲು ಮೊದಲು.